ಅಂಕಲಿಯ ಕುದುರೆಯೂ ನಮ್ಮ ಮನೆಯ ಕುದುರೆಯೂ

ಕೃಷ್ಣಾ ನದಿಯ ದಂಡೆಯ ಮೇಲಿರುವ ಅಂಕಲಿಯು ಚಿಕ್ಕೋಡಿ ತಾಲೂಕಿನ ಗ್ರಾಮ. ಪ್ರತಿವರ್ಷ ಜ್ಯೇಷ್ಠ ಮಾಸದಲ್ಲಿ ಅಲ್ಲಿನ ಶಿತೋಳೆ ಸರಕಾರ ಮನೆತನದ ವಾಡೆಯಿಂದ ಎರಡು ಕುದುರೆಗಳು ಹೊರಡುತ್ತವೆ. ಮಿರಜ, ಸಾತಾರಾ, ಪುಣೆಗಳ ಮಾರ್ಗವಾಗಿ ಸುಮಾರು 300 ಕಿ.ಮೀ. ದಾರಿಯನ್ನು ಹತ್ತು ಹನ್ನೊಂದು ದಿನಗಳಲ್ಲಿ ಕಾಲ್ನಡಿಗೆಯಿಂದಲೇ ಕ್ರಮಿಸಿ ಆಳಂದಿಯನ್ನು ಸೇರುತ್ತವೆ. ಅಲ್ಲಿಂದ ಸಂತ ಜ್ಞಾನೇಶ್ವರರ ಪಲ್ಲಕ್ಕಿಯೊಡನೆ ಪಂಢರಪುರದವರೆಗೆ ಮತ್ತೆ ಸುಮಾರು 250 ಕಿ.ಮೀ. ನಡೆಯುತ್ತವೆ. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಯಾರೂ ಕುಳಿತುಕೊಳ್ಳುವುದಿಲ್ಲ. ಜ್ಞಾನೇಶ್ವರರೇ ಅದರ ಮೇಲೆ ಆರೂಢರಾಗಿರುವರೆಂಬುದು ವಾರಕರಿಗಳ ನಂಬಿಕೆ. ದಾರಿಯಲ್ಲಿ ನಡೆಯುವ ‘ರಿಂಗಣ’ವೆಂಬ ಉತ್ಸವದಲ್ಲಿ ಈ ಕುದುರೆಗಳು ಭಕ್ತರ ನಡುವೆ ಓಡುತ್ತವೆ. ಅವುಗಳ ಗೊರಸಿನ ಧೂಳನ್ನು ಜನರು ಹಣೆಗೆ ಹಚ್ಚಿಕೊಳ್ಳುತ್ತಾರೆ. ಹೈಬತಬಾಬಾ ಆರಫಳಕರ ಅವರು 19ನೆಯ ಶತಮಾನದ ಮೊದಲ ಭಾಗದಲ್ಲಿ ಈ ಪಲ್ಲಕ್ಕಿಯ ವೈಭವವನ್ನು ಏರ್ಪಡಿಸಿದಾಗಿನಿಂದ ಅಂಕಲಿಯ ಕುದುರೆಗಳ ಸೇವೆ ನಡೆದುಬಂದಿದೆ.

ಆ ಸಂಪ್ರದಾಯ ಬೇರೆ, ನಮ್ಮ ಆಚರಣೆ ಬೇರೆ. ಆದರೂ ಕನ್ನಡ ನೆಲದಲ್ಲಿ ಬೆಳೆದ ಎರಡು ಕುದುರೆಗಳು ಐನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಒಂದು ತಿಂಗಳೊಳಗೆ ನಡೆದು, ಲಕ್ಷಾಂತರ ಜನರ ಗದ್ದಲದ ನಡುವೆ ಅಳುಕದೆ ಓಡುತ್ತವೆಯೆಂಬುದು ಕುದುರೆ ಕಟ್ಟಿದ ಪ್ರತಿಯೊಂದು ಮನೆಯವರೂ ಯೋಚಿಸತಕ್ಕ ಸಂಗತಿ. ಆ ಶಕ್ತಿಯು ಉತ್ಸವದ ದಿನ ಬೆಳಗ್ಗೆ ಹಾಕಿದ ಹಾರದಿಂದ ಬಂದುದಲ್ಲ. ದಿನನಿತ್ಯದ ಮೇವು, ನಡಿಗೆ, ಗೊರಸಿನ ಆರೈಕೆಗಳಿಂದ ಮಾತ್ರ ಬರುವಂಥದು.

ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿ ಭಾಗಗಳಲ್ಲಿ ಟಾಂಗಾಗಳ ಕಾಲ ಮುಗಿದುಹೋಗಿದೆ. ಆದರೂ ಕುದುರೆಗಳು ಮರೆಯಾಗಿಲ್ಲ. ಜಾತ್ರೆಯ ಗಾಡಿ ಓಟಕ್ಕೆಂದು ಕೆಲವರು ಸಾಕಿದ್ದಾರೆ. ಮದುವೆಯ ಮೆರವಣಿಗೆಗೆಂದು ಕೆಲವರು. ಹರಕೆ ಹೊತ್ತು ದೇವರ ಹೆಸರಿನಲ್ಲಿ ಬಿಟ್ಟವರು ಇನ್ನು ಕೆಲವರು. ಕುರಿಮಂದೆಯೊಡನೆ ಊರೂರು ತಿರುಗುವ ಕುರುಬರ ಸರಂಜಾಮನ್ನು ಈಗಲೂ ಕುದುರೆಗಳು ಹೊರುತ್ತವೆ. ನಮ್ಮ ಜನರಿಗೆ ಕುದುರೆಯ ಮೇಲಿನ ಪ್ರೀತಿಗೂ ಕೊರತೆಯಿಲ್ಲ. 2021ರ ಮೇ ತಿಂಗಳಲ್ಲಿ ಗೋಕಾಕ ತಾಲೂಕಿನ ಮರಡಿಮಠದಲ್ಲಿ ಮಠದ ಆಶ್ರಯದಲ್ಲಿದ್ದ ಕುದುರೆಯೊಂದು ತೀರಿಕೊಂಡಾಗ, ಕೊರೋನಾ ನಿರ್ಬಂಧಗಳಿದ್ದರೂ ನೂರಾರು ಜನ ಅದರ ಅಂತ್ಯಯಾತ್ರೆಗೆ ಸೇರಿದರು. ಅಧಿಕಾರಿಗಳು ಆ ಊರಿನ ಸಂಚಾರವನ್ನೇ ನಿರ್ಬಂಧಿಸಬೇಕಾಯಿತು. ಇಷ್ಟು ಪ್ರೀತಿಯಿರುವಲ್ಲಿ ತಿಳುವಳಿಕೆಯೂ ಜೊತೆಗೂಡಿದರೆ ಎಷ್ಟೋ ಕುದುರೆಗಳು ಅಕಾಲದಲ್ಲಿ ಸಾಯುವುದು ತಪ್ಪುತ್ತದೆ. ಈ ತಿಂಗಳು ಆ ವಿಷಯವನ್ನೇ ಓದುಗರ ಮುಂದಿಡಲಾಗಿದೆ.

ಕೊಳ್ಳುವ ಮುನ್ನ

ನಮ್ಮ ಸೀಮೆಯ ಬಿಸಿಲು, ಕಲ್ಲುದಾರಿ, ಒಣಮೇವುಗಳಿಗೆ ಒಗ್ಗಿದ ಕುದುರೆ ದಖ್ಖನದ ನಾಡಕುದುರೆಯೇ. ಇದನ್ನು ಭೀಮಥಡಿ ಎಂದು ಕರೆಯುತ್ತಾರೆ. ಥಡಿ ಎಂದರೆ ನಮ್ಮ ತಡಿಯೇ. ಭೀಮಾ ನದಿಯ ತಡಿಯ ಕುದುರೆ ಎಂದು ಅರ್ಥ. ಮರಾಠರ ಅಶ್ವದಳಕ್ಕೆ ಬಲವಾಗಿದ್ದ ಈ ತಳಿಯನ್ನು ಮುಂದಿನ ಕಾಲದಲ್ಲಿ ಉಳಿಸಿಕೊಂಡು ಬಂದವರು ಕುರಿ ಕಾಯುವ ಧನಗರರು. ಹರಿಯಾಣಾದ ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯು ಈಚೆಗೆ ಭೀಮಥಡಿಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿರುವುದು ಸಂತೋಷದ ಸಂಗತಿ. ರಾಜಸ್ಥಾನದ ಮಾರವಾಡಿ ಮತ್ತು ಸೌರಾಷ್ಟ್ರದ ಕಾಠಿಯಾವಾಡಿ ಕುದುರೆಗಳು ನೋಟಕ್ಕೆ ಗಂಭೀರವಾದವು. ಒಳಮುಖವಾಗಿ ಬಾಗಿದ ಕಿವಿಗಳೇ ಅವುಗಳ ಗುರುತು. ಪಂಢರಪುರದ ಕಾರ್ತಿಕ ಯಾತ್ರೆಯ ಸಂತೆಗೂ ಅಕಲೂಜದ ಕುದುರೆ ಪೇಟೆಗೂ ಹೋದವರು ಇವುಗಳನ್ನು ಕಂಡಿರುತ್ತಾರೆ. ಮಹಾನಗರಗಳ ರೇಸಿನಲ್ಲಿ ಓಡಿ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಕಡಿಮೆ ಬೆಲೆಗೆ ದೊರೆತಾವು. ಆದರೆ ಅವುಗಳ ಚರ್ಮ ತೆಳು, ಖರ್ಚು ಅಧಿಕ. ಕಾಲಿಗೆ ಹಿಂದೆ ಆದ ಪೆಟ್ಟನ್ನು ಒಳಗೇ ಇಟ್ಟುಕೊಂಡು ಬಂದಿರುವ ಸಂಭವವೂ ಉಂಟು.

ಕುದುರೆ ಕೊಳ್ಳುವಾಗ ಸುಳಿ ನೋಡುವುದು ನಮ್ಮಲ್ಲಿ ರೂಢಿ. ಸುಳಿ ನೋಡುವವರು ನೋಡಲಿ. ಅದರೊಂದಿಗೆ ಹಲ್ಲು, ಗೊರಸು ಮತ್ತು ನಡಿಗೆಗಳನ್ನೂ ತಪ್ಪದೆ ನೋಡಬೇಕು. ಮುಂಭಾಗದ ಹಾಲುಹಲ್ಲುಗಳು ಸುಮಾರು ಎರಡೂವರೆ, ಮೂರೂವರೆ ಮತ್ತು ನಾಲ್ಕೂವರೆ ವರ್ಷಗಳಲ್ಲಿ ಜೋಡಿ ಜೋಡಿಯಾಗಿ ಬಿದ್ದು ಹೊಸವು ಬರುತ್ತವೆ. ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಬಾಯಿ ತುಂಬದ ಎಳೆಯ ಕುದುರೆಯನ್ನು ಗಾಡಿ ಓಟಕ್ಕೆ ಹೂಡಿದರೆ ಬಲಿಯದ ಎಲುಬು ಕೀಲುಗಳು ಜೀವಮಾನಪೂರ್ತಿ ಕೆಡುತ್ತವೆ. ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ, ತಿರುಗಿಸಿ, ಮತ್ತೆ ನಡೆಸಿ ನೋಡಿರಿ. ಮುಂಗಾಲು ನೋಯುತ್ತಿರುವ ಕುದುರೆಯು ಆ ಕಾಲು ಊರಿದಾಗ ತಲೆಯನ್ನು ಮೇಲೆತ್ತುತ್ತದೆ. ಚೆನ್ನಾಗಿ ನೋಡಿಕೊಂಡ ಕುದುರೆ ಇಪ್ಪತ್ತೈದು ವರ್ಷ ಬಾಳುತ್ತದೆಯಾದ್ದರಿಂದ, ಕೊಳ್ಳುವವರು ಒಂದು ಜಾತ್ರೆಯನ್ನಲ್ಲ, ಇಪ್ಪತ್ತು ವರ್ಷವನ್ನು ಎಣಿಸಿ ಹಣ ತೆಗೆಯಬೇಕು.

ಮೇವು, ನೀರು

ಎತ್ತು ಎಮ್ಮೆಗಳನ್ನು ಸಾಕಿ ಬಲ್ಲ ಮನೆಗಳಲ್ಲಿಯೇ ಕುದುರೆಯ ಮೇವಿನ ವಿಷಯದಲ್ಲಿ ತಪ್ಪುಗಳಾಗುವುದುಂಟು. ಎತ್ತಿನ ಕಣ್ಣಿನಿಂದ ಕುದುರೆಯನ್ನು ನೋಡುವುದೇ ಅದಕ್ಕೆ ಕಾರಣ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಜಠರ ಶರೀರದ ಗಾತ್ರಕ್ಕೆ ಬಹಳ ಸಣ್ಣದು. 8ರಿಂದ 15 ಲೀಟರಿನಷ್ಟು ಮಾತ್ರ ಹಿಡಿಯುತ್ತದೆ. ತಿಂದುದು ಹೆಚ್ಚಾದರೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹೀಗಾಗಿ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ತಿನ್ನುವುದು ಅದರ ಪ್ರಕೃತಿ.

300 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣ ಆಹಾರ ಬೇಕು. ಅದರಲ್ಲಿ ಹೆಚ್ಚಿನ ಪಾಲು ಹುಲ್ಲು, ಜೋಳದ ಕಣಿಕೆಗಳಂಥ ನಾರಿನ ಮೇವಾಗಿರಬೇಕು. ನೆನೆಯಿಸಿದ ಅಥವಾ ಬೇಯಿಸಿದ ಹುರಳಿ, ಗೋಧಿಯ ತೌಡುಗಳ ದಾಣಿಯನ್ನು ದುಡಿಮೆಗೆ ತಕ್ಕಂತೆ ಎರಡು ಮೂರು ಪಾಲು ಮಾಡಿ ಕೊಡಬೇಕು. ಒಂದು ಸಲಕ್ಕೆ ಒಂದೂವರೆ ಕಿಲೋದ ಮೇಲೆ ಬೇಡ. ದುಡಿಮೆಯಿಲ್ಲದ ದಿನ ದಾಣಿಯನ್ನು ಅರ್ಧಕ್ಕೆ ಇಳಿಸಬೇಕು. ದಿನಕ್ಕೆ 25ರಿಂದ 40 ಲೀಟರು ಶುದ್ಧ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬೆವರಿನಲ್ಲಿ ಉಪ್ಪು ಹೋಗುವುದರಿಂದ ದಾಣಿಯಲ್ಲಿ ಒಂದೆರಡು ಚಮಚ ಉಪ್ಪು ಬೆರೆಸುವುದು ಒಳ್ಳೆಯದು.

ಕಬ್ಬಿನ ಸೀಮೆಯವರಾದ ನಾವು ಮೂರು ವಿಷಯಗಳಲ್ಲಿ ವಿಶೇಷ ಎಚ್ಚರ ವಹಿಸಬೇಕಾಗಿದೆ. ಮೊದಲನೆಯದು ಬೆಲ್ಲ. ದೇವರ ಕುದುರೆಯೆಂದು ಮನೆಮನೆಯವರು ಬೆಲ್ಲ, ಹೋಳಿಗೆ, ನೆನೆಗಡಲೆ ತಿನ್ನಿಸುತ್ತಾರೆ. ಕೊಡುವವರದು ಒಂದೊಂದು ತುತ್ತೇ ಆದರೂ ತಿನ್ನುವ ಹೊಟ್ಟೆ ಒಂದೇ. ಅತಿಯಾದ ಸಿಹಿ ಮತ್ತು ಕಾಳಿನಿಂದ ಹೊಟ್ಟೆಶೂಲೆ ಬರುತ್ತದೆ. ಗೊರಸಿನೊಳಗಿನ ಪದರು ಬಾತು ಕುದುರೆ ಶಾಶ್ವತವಾಗಿ ಕುಂಟಾಗುವುದೂ ಉಂಟು. ಗೊರಸು ಬಿಸಿಯಾಗಿ, ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತರೆ ಈ ರೋಗವೆಂದೇ ತಿಳಿದು ತಕ್ಷಣ ವೈದ್ಯರನ್ನು ಕರೆಸಬೇಕು. ಎರಡನೆಯದು ಬೂಷ್ಟು ಹಿಡಿದ ಗೋವಿನಜೋಳ. ದನಗಳು ಅದನ್ನು ತಿಂದು ಬದುಕಿಯಾವು. ಆದರೆ ಕೆಲವು ಬೂಷ್ಟುಗಳ ವಿಷ ಕುದುರೆಯ ಮಿದುಳನ್ನೇ ಕೊಳೆಯಿಸುತ್ತದೆ. ಮೂರನೆಯದು ಕೋಳಿಯ ಮತ್ತು ದನದ ಸಿದ್ಧ ಆಹಾರ. ಇವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧವು ಕೋಳಿಗೂ ದನಕ್ಕೂ ಹಿತವಾದರೂ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು. ಚೀಲದಲ್ಲಿ ಮಿಕ್ಕ ದಾಣಿ ಹಾಳಾಗಬಾರದೆಂದು ಕುದುರೆಯ ಗೋದಲಿಗೆ ಸುರಿಯುವುದು ಎಂದೂ ಸಲ್ಲದು.

ಹೊಟ್ಟೆಶೂಲೆ ಬಂದಾಗ

ಕುದುರೆಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಹೊಟ್ಟೆಶೂಲೆಯೂ ಒಂದು. ಮೇವು ಬಿಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಪದೇ ಪದೇ ಪಕ್ಕೆಯತ್ತ ತಿರುಗಿ ನೋಡುವುದು, ಮಲಗಿ ಏಳುವುದು, ಹೊರಳಾಡುವುದು, ಲದ್ದಿ ನಿಲ್ಲುವುದು ಇದರ ಲಕ್ಷಣಗಳು. ಆಗ ಮೊದಲು ಮೇವು ದಾಣಿಗಳನ್ನು ಮುಂದಿನಿಂದ ತೆಗೆದು ವೈದ್ಯರಿಗೆ ಹೇಳಿಕಳುಹಿಸಬೇಕು. ರಾಜ್ಯದ ಪಶು ಇಲಾಖೆಯ ಸಂಚಾರಿ ಚಿಕಿತ್ಸೆಗಾಗಿ 1962 ಸಂಖ್ಯೆಗೆ ಕರೆಮಾಡಬಹುದು. ವೈದ್ಯರು ಬರುವವರೆಗೆ ನಿಧಾನವಾಗಿ ನಡೆದಾಡಿಸಬಹುದು; ಓಡಿಸಬಾರದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎತ್ತಿಗೆ ಗೊಟ್ಟದಲ್ಲಿ ಎಣ್ಣೆ, ಕಷಾಯಗಳನ್ನು ಕುಡಿಸುವ ಪದ್ಧತಿ ಊರಲ್ಲೆಲ್ಲ ಇದೆ. ಅದೇ ಕೈಯಿಂದ ಕುದುರೆಯ ತಲೆ ಎತ್ತಿ ಗೊಟ್ಟ ಹಾಕಿದರೆ ಎಣ್ಣೆಯು ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಶೂಲೆಯಿಂದ ಬದುಕಬಹುದಾಗಿದ್ದ ಕುದುರೆ ನಾಲ್ಕಾರು ದಿನಗಳಲ್ಲಿ ಶ್ವಾಸಕೋಶದ ಬೇನೆಯಿಂದ ಸಾಯುತ್ತದೆ. ವೈದ್ಯರು ಮೂಗಿನ ಮೂಲಕ ನಳಿಗೆ ಇಳಿಸಿ ಔಷಧ ಹಾಕುತ್ತಾರೆ. ಅದನ್ನು ಅವರಿಗೇ ಬಿಡಬೇಕು.

ಗೊರಸು ಮತ್ತು ಸರಂಜಾಮು

ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಗಳಿಗೊಮ್ಮೆ ನಾಲಬಂದರಿಂದ ಗೊರಸು ಕತ್ತರಿಸಿ ನಾಲು ಬದಲಿಸಬೇಕು. ನಾಲು ಸವೆದಿಲ್ಲವೆಂದು ನಾಲ್ಕು ತಿಂಗಳು ಬಿಟ್ಟರೆ ಗೊರಸಿನ ಮೂತಿ ಉದ್ದವಾಗಿ ಕಾಲಿನ ನರಗಳ ಮೇಲೆ ಜಗ್ಗು ಬೀಳುತ್ತದೆ. ದಿನವೂ ಸಂಜೆ ನಾಲ್ಕೂ ಕಾಲೆತ್ತಿ ಗೊರಸಿನ ಅಡಿಯನ್ನು ಶುಚಿಗೊಳಿಸಬೇಕು. ಎರೆಮಣ್ಣಿನ ಊರುಗಳಲ್ಲಿ ಮಳೆಗಾಲದ ರಾಡಿ, ಲಾಯದಲ್ಲಿ ನಿಂತ ಗಂಜಲ ಇವೆರಡೂ ಸೇರಿ ಗೊರಸಿನ ನಡುಭಾಗ ಕಪ್ಪಾಗಿ ಕೊಳೆತು ನಾರುತ್ತದೆ. ಒಣಗಿದ ನೆಲವೇ ಅದಕ್ಕೆ ಮೊದಲ ಔಷಧ.

ಅಥಣಿ, ನಿಪ್ಪಾಣಿಗಳು ಚರ್ಮದ ಚಪ್ಪಲಿಗಳಿಗೆ ಹೆಸರಾದ ಊರುಗಳು. ಚರ್ಮವನ್ನು ಎಲ್ಲಿ ಹೊಲಿಯಬೇಕು, ಎಲ್ಲಿ ಮಡಿಸಬೇಕು ಎಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಚಪ್ಪಲಿ ಕಚ್ಚಿದರೆ ನಾವು ಕಳಚಿ ಎಸೆಯುತ್ತೇವೆ. ಕುದುರೆಗೆ ಆ ಅನುಕೂಲವಿಲ್ಲ. ಜೀನು ಬೆನ್ನುಹುರಿಯ ಮೇಲೆ ಕುಳ್ಳಿರಬಾರದು. ಅದರ ಭಾರ ಹುರಿಯ ಎರಡೂ ಪಕ್ಕದ ಮಾಂಸದ ಮೇಲೆ ಹಂಚಿಹೋಗಬೇಕು. ಜೀನು ಇಳಿಸಿದಾಗ ಬೆನ್ನಿನ ಮೇಲೆ ಬೆವರಿನ ನಡುವೆ ಒಣಗಿದ ಮಚ್ಚೆಗಳು ಕಂಡರೆ ಅಲ್ಲಿ ಒತ್ತುತ್ತಿದೆಯೆಂದು ಅರ್ಥ. ಅಲ್ಲಿ ಬಿಳಿಯ ಕೂದಲು ಹುಟ್ಟಿದ್ದರೆ ಬಹುಕಾಲದ ಗಾಯದ ಸಾಕ್ಷಿ. ಮೆರವಣಿಗೆಯ ಜರಿಯ ಹೊದಿಕೆಯಡಿ ಏನಿದೆಯೆಂದು ಬೀಗರು ನೋಡುವುದಿಲ್ಲ, ಮನೆಯವರು ನೋಡಬೇಕು. ಮುಳ್ಳಿನ ಕಡಿವಾಣವನ್ನು ಬಳಸುವುದು ಹೇಯವಷ್ಟೇ ಅಲ್ಲ, 1965ರ ಕೇಂದ್ರ ನಿಯಮಗಳ ಪ್ರಕಾರ ನಿಷಿದ್ಧವೂ ಹೌದು. ಗಾಡಿಗೆ ಹೂಡುವ ಮತ್ತು ಹೊರೆ ಹೊರುವ ಪ್ರಾಣಿಗಳನ್ನು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ಮೀರಿದ ದಿನ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು ಎಂದೂ ಅದೇ ನಿಯಮಗಳು ಹೇಳುತ್ತವೆ. ವೈಶಾಖದ ನಡುಹಗಲಿನಲ್ಲಿ ಮೆರವಣಿಗೆ ತೆಗೆಯುವವರು ಇದನ್ನು ಗಮನಿಸಬೇಕು.

ಮರೆಯಬಾರದ ರೋಗಗಳು

ಧನುರ್ವಾಯುವು ಎಲ್ಲ ಸಾಕುಪ್ರಾಣಿಗಳಿಗಿಂತ ಕುದುರೆಯನ್ನು ಬೇಗ ಹಿಡಿಯುತ್ತದೆ. ಒಂದು ಮೊಳೆ ಚುಚ್ಚಿದ ಗಾಯ ಸಾಕು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಅನಂತರ ವರ್ಷಕ್ಕೊಮ್ಮೆ ಒಂದು ಹಾಕಿಸಿದರೆ ಈ ಸಾವು ತಪ್ಪುತ್ತದೆ. ಕಚ್ಚುವ ನೊಣಗಳಿಂದ ಹರಡುವ ‘ಸರ್ರಾ’ ರೋಗದಲ್ಲಿ ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಮೇವು ತಿಂದರೂ ಕುದುರೆ ಸೊರಗುತ್ತದೆ, ಕಾಲು ಹೊಟ್ಟೆಗಳಲ್ಲಿ ಬಾವು ಕಾಣುತ್ತದೆ. ದೃಷ್ಟಿ ತಾಗಿತೆಂದು ಕುಳಿತುಕೊಳ್ಳದೆ ರಕ್ತ ಪರೀಕ್ಷೆ ಮಾಡಿಸಿದರೆ ಔಷಧವಿದೆ.

ಗ್ಲ್ಯಾಂಡರ್ಸ್ ಎಂಬುದು ಇವೆಲ್ಲಕ್ಕಿಂತ ಭಯಂಕರವಾದುದು. ಮೂಗಿನಿಂದ ದಪ್ಪನೆಯ ಸಿಂಬಳ, ಮೂಗಿನೊಳಗೆ ಹುಣ್ಣು, ಕಾಲಿನ ಚರ್ಮದಡಿ ಸಾಲುಗಂಟುಗಳು ಇದರ ಲಕ್ಷಣ. ಇದು ಮನುಷ್ಯರಿಗೂ ತಗಲುತ್ತದೆ. ಇದಕ್ಕೆ ಲಸಿಕೆಯಿಲ್ಲ. ಸಾಂಕ್ರಾಮಿಕ ಪಶುರೋಗಗಳ 2009ರ ಕಾನೂನಿನಂತೆ ಇದನ್ನು ಕೂಡಲೇ ಸರಕಾರಕ್ಕೆ ತಿಳಿಸಬೇಕು. ರೋಗ ಖಚಿತವಾದರೆ ಪ್ರಾಣಿಗೆ ನೋವಿಲ್ಲದೆ ಮುಕ್ತಿ ಕೊಡುತ್ತಾರೆ, ಮಾಲೀಕರಿಗೆ ಪರಿಹಾರವುಂಟು. ಹರಿಯಾಣಾದ ಹಿಸಾರದಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಇದರ ಪರೀಕ್ಷೆ ನಡೆಸುತ್ತದೆ. ದೂರದ ಸಂತೆಯಿಂದ ತಂದ ಕುದುರೆಯನ್ನು ಎರಡು ಮೂರು ವಾರ ಬೇರೆ ಕಟ್ಟಿ, ಬೇರೆ ಬೋಗುಣಿಯಲ್ಲಿ ನೀರಿಟ್ಟು, ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಉಳಿದವುಗಳೊಡನೆ ಸೇರಿಸುವುದು ಜಾಣತನ. ಮಕ್ಕಳಿರುವ ಮನೆಯಲ್ಲಿ ಇದನ್ನು ಕಡ್ಡಾಯವಾಗಿ ಪಾಲಿಸಬೇಕು.

ನಿಂತ ಕುದುರೆಯನ್ನು ಓಡಿಸಬೇಡಿರಿ

ಈಗ ಅಂಕಲಿಯ ಕುದುರೆಗಳ ಮಾತಿಗೆ ಬರೋಣ. ಹನ್ನೊಂದು ತಿಂಗಳು ಗೂಟಕ್ಕೆ ಕಟ್ಟಿ, ಹುರಳಿ ತಿನ್ನಿಸಿ ಮೈತುಂಬಿಸಿದ ಕುದುರೆ ನೋಡಲು ಚಂದ. ಅದನ್ನೇ ಜಾತ್ರೆಯ ದಿನ ಒಮ್ಮೆಲೆ ಗಾಡಿಗೆ ಹೂಡಿ ಓಡಿಸಿದರೆ ಹಿಂಗಾಲಿನ ಮಾಂಸಖಂಡಗಳು ಕಲ್ಲಿನಂತೆ ಬಿಗಿದು, ಮೈಯೆಲ್ಲ ಬೆವತು, ಕುದುರೆ ನಿಂತಲ್ಲಿಯೇ ನಿಂತುಬಿಡುತ್ತದೆ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕುದುರೆ ಹಟ ಮಾಡುತ್ತಿದೆಯೆಂದು ಹೊಡೆದು ಎಬ್ಬಿಸುವವರಿದ್ದಾರೆ. ಅದು ಹಟವಲ್ಲ, ರೋಗ. ಆ ಸ್ಥಿತಿಯಲ್ಲಿ ಒಂದು ಹೆಜ್ಜೆ ನಡೆಸುವುದೂ ಅಪಾಯ.

ಆದುದರಿಂದ ಜಾತ್ರೆಗೆ ಎರಡು ತಿಂಗಳು ಮುಂಚಿನಿಂದಲೇ ಅಭ್ಯಾಸ ಪ್ರಾರಂಭವಾಗಬೇಕು. ಮೊದಲ ಎರಡು ವಾರ ಬೆಳಗಿನ ನಡಿಗೆ ಮಾತ್ರ. ಬಳಿಕ ನಡಿಗೆಯ ನಡುವೆ ಸಣ್ಣ ಓಟ. ದುಡಿಮೆ ಏರಿದಂತೆ ದಾಣಿಯೂ ಏರಲಿ. ದವಡೆಯ ಅಂಚಿನ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರುವ ನಾಡಿ, ಓಟ ನಿಂತು ಹತ್ತು ಹದಿನೈದು ನಿಮಿಷಗಳಲ್ಲಿ 60ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಆ ಕುದುರೆ ಇನ್ನೂ ಸಿದ್ಧವಾಗಿಲ್ಲ, ಇಲ್ಲವೆ ಅದರೊಳಗೆ ಏನೋ ಬೇನೆಯಿದೆ. ಬಾಜಿ ಕಟ್ಟಿದವರ ಮಾತಿಗಿಂತ ಈ ನಾಡಿಯ ಮಾತನ್ನು ಮನೆಯ ಯಜಮಾನರು ಕೇಳಬೇಕು. ಬ್ಯಾಂಡಿನ ಸದ್ದು, ಪಟಾಕಿ, ಜನಸಂದಣಿಗಳಿಗೂ ಕುದುರೆಯನ್ನು ಹೀಗೆಯೇ ಮೆಲ್ಲಮೆಲ್ಲನೆ ರೂಢಿಸಬೇಕಲ್ಲದೆ, ಒಮ್ಮೆಲೆ ಗದ್ದಲದ ನಡುವೆ ತಂದು ನಿಲ್ಲಿಸಿ ಬೆದರಿತೆಂದು ಬೈಯುವುದು ನ್ಯಾಯವಲ್ಲ.

ಈ ಕೆಲಸ ಗಂಡಸರದೆಂದು ತಾಯಂದಿರು ದೂರ ಉಳಿಯಬೇಕಾಗಿಲ್ಲ. ಕಿತ್ತೂರಿನ ರಾಣಿ ಚನ್ನಮ್ಮನನ್ನು ನಾವು ಕುದುರೆಯ ಮೇಲೆ ಕುಳಿತ ರೂಪದಲ್ಲಿಯೇ ನೆನೆಯುತ್ತೇವೆ. ಅನೇಕ ಮನೆಗಳಲ್ಲಿ ಬೆಳಗ್ಗೆ ಎದ್ದು ನೀರಿಡುವವರೂ ಲದ್ದಿ ತೆಗೆಯುವವರೂ ಮಹಿಳೆಯರೇ. ನಿನ್ನೆಗಿಂತ ಲದ್ದಿ ಕಡಿಮೆಯಾಗಿದೆ, ನೀರು ಹಾಗೆಯೇ ಉಳಿದಿದೆ ಎಂಬುದು ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಆ ಮಾತನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳಬಾರದು. ಮಕ್ಕಳಿಗೂ ಗೊರಸು ಒರೆಸುವ, ಮೈ ತಿಕ್ಕುವ ಕೆಲಸವನ್ನು ಹಿರಿಯರು ಜೊತೆಗಿದ್ದು ಕಲಿಸಬಹುದು.

ಕೊನೆಯದಾಗಿ ಮುದಿ ಕುದುರೆಯ ಪ್ರಶ್ನೆ. ಓಟ ಕುಂದಿದ, ಮೆರವಣಿಗೆಗೆ ಒಲ್ಲದ ಕುದುರೆಯನ್ನು ಹೆದ್ದಾರಿಯ ಬದಿಗೆ ಬಿಟ್ಟುಬರುವ ಪರಿಪಾಠವನ್ನು ಎಲ್ಲೆಡೆ ಕಾಣುತ್ತೇವೆ. ದಾಣಿ ಬೇಡಿ ಮನೆಬಾಗಿಲಿಗೆ ಬಂದ ಆ ಕುದುರೆಯನ್ನು ಜನ ಕೋಲಿನಿಂದ ಓಡಿಸುತ್ತಾರೆ. ರಾತ್ರಿ ಲಾರಿಯ ಬೆಳಕಿಗೆ ಸಿಕ್ಕಿ ಅದರ ಬಾಳು ಮುಗಿಯುತ್ತದೆ. ಕಾಯಕವನ್ನು ಪೂಜ್ಯವೆಂದು ಬಗೆದ ಸಮಾಜ ನಮ್ಮದು. ಹದಿನೈದು ವರ್ಷ ನಮ್ಮ ಮನೆಯ ಕಾಯಕ ಮಾಡಿದ ಪ್ರಾಣಿಗೆ ಕೊನೆಯ ಐದಾರು ವರ್ಷ ಮೆತ್ತನೆಯ ಮೇವು, ನೆರಳು, ನೀರುಗಳನ್ನು ಕೊಡುವುದು ದಾನವೆನಿಸದು, ಅದರ ಕೂಲಿಯ ಬಾಕಿ. ಅಷ್ಟನ್ನು ಕೊಡಲಾರದ ಮನೆಯವರು ಕುದುರೆಯನ್ನು ಕಟ್ಟದಿರುವುದೇ ಲೇಸು. ಕಟ್ಟಿದವರು ಈ ಹೊತ್ತು ಸಂಜೆ ಲಾಯಕ್ಕೆ ಹೋಗಿ ಅದರ ನಾಲ್ಕೂ ಗೊರಸುಗಳನ್ನು ಎತ್ತಿ ನೋಡಿರಿ, ಜೀನಿನಡಿಯ ಬೆನ್ನನ್ನು ಕೈಯಾಡಿಸಿ ನೋಡಿರಿ, ಚುಚ್ಚುಮದ್ದು ಹಾಕಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ.